ಯಾರೂ ತೆರೆಯದ ಮೂವತ್ತೊಂದು ಕಡತ

ಒಂಬತ್ತನೆಯ ಕಂತು

"ಮೂವತ್ತೊಂದು ಅದಾವೆ ಸಾರ್," ಎಂದಳು ಅಶ್ವಿನಿ, ಪರದೆಯಿಂದ ಕಣ್ಣು ಕೀಳದೆ. "ಸರ್ವರಿನಾಗೆ ಕುಂತಾವೆ. ಆದ್ರೆ ಯಾವ ಪ್ರೋಗ್ರಾಮೂ ಇವನ್ನ ಕೇಳಲ್ಲ, ಯಾರೂ ತೆಗೆದು ನೋಡಲ್ಲ."

ಬೆನಕಪ್ಪನವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ನಿವೃತ್ತ ಶಿರಸ್ತೇದಾರರು, ಮೂವತ್ತನಾಲ್ಕು ವರ್ಷ ಕಾಗದದ ಮೇಲಿನ ಸುಳ್ಳನ್ನು ಮೂಸಿ ಹಿಡಿದವರೆಂದು ಶಿಕಾರಿಪುರದಲ್ಲಿ ಅವರಿಗೆ ಹೆಸರಿತ್ತು. ಆ ಹೆಸರಿನ ಬಲದಿಂದಲೇ ಅಲ್ಲಿನ ವನದಂಚು ಆರೋಗ್ಯ ಸಂಸ್ಥೆ ತನ್ನ ದಾಖಲೆಗಳ ಸಲಹೆಗಾರಿಕೆಯನ್ನೂ, ಈಚೆಗೆ ಈ ವಿಚಾರಣೆಯನ್ನೂ ಅವರಿಗೆ ಒಪ್ಪಿಸಿತ್ತು.

ಸೊರಬದ ಕಾಡಂಚಿನ ಬಿಳಿಕಲ್ಲು ಕೇರಿಯ ಉಜ್ಜಪ್ಪ ಫೆಬ್ರವರಿಯಲ್ಲಿ ಮಂಗನ ಕಾಯಿಲೆಯಿಂದ ತೀರಿಕೊಂಡಿದ್ದ. ಅವನು ಅದರ ಲಸಿಕೆಯ ಎರಡೂ ಸೂಜಿ ಹಾಕಿಸಿಕೊಂಡಿದ್ದನೆಂದು ಯಂತ್ರ ಹೇಳುತ್ತಿತ್ತು. ಎರಡನೆಯದನ್ನು ಯಾರೂ ಹಾಕಿಯೇ ಇಲ್ಲವೆಂದು ಅವನ ಹೆಂಡತಿ ಹೇಳುತ್ತಿದ್ದಳು. ಹಾಕದ ಸೂಜಿಯನ್ನು ಹಾಕಿದೆನೆಂದು ಬರೆದವಳು ಸೊರಬದ ಕಾರ್ಯಕರ್ತೆ ನಾಗವೇಣಿ ಎಂದು ಬೆನಕಪ್ಪನವರು ವರದಿ ಕೊಟ್ಟು ಇಂದಿಗೆ ಇಪ್ಪತ್ತೆರಡು ದಿನ. ನಾಳೆ ಬೆಳಗ್ಗೆ ಹತ್ತು ಗಂಟೆಗೆ ಸೊರಬದಲ್ಲಿ ಸಮಿತಿ ಸೇರಿ ಅವಳನ್ನು ಕೆಲಸದಿಂದ ತೆಗೆಯುವುದಿತ್ತು. ಆಮೇಲೆ ಪೊಲೀಸರಿಗೆ ದೂರು.

"ಇದನ್ನು ಹೇಗೆ ಕಂಡುಹಿಡಿದೆ ತಾಯಿ?"

ಶಿರಾಳಕೊಪ್ಪದಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಿದ್ದ, ಈ ಕೆಲಸಕ್ಕೆಂದು ಸಂಸ್ಥೆ ಕರೆಸಿದ್ದ ಅಶ್ವಿನಿ ಪರದೆಯತ್ತ ಬೆರಳು ತೋರಿಸಿದಳು. "ಹದಿನೈದು ಸಾಲಿನ ಒಂದು ಸ್ಕ್ರಿಪ್ಟು ಬರೆದೆ ಸಾರ್. ಡಿಸ್ಕಿನಾಗೆ ಇರೋ ಫೈಲೆಲ್ಲ ಒಂದು ಪಟ್ಟಿ. ಪ್ರೋಗ್ರಾಮು ತೆಗೆಯೋ ಫೈಲೆಲ್ಲ ಇನ್ನೊಂದು ಪಟ್ಟಿ. ಎರಡೂ ಎದುರು ಬದುರು ಇಟ್ಟು, ಈ ಕಡೆ ಇದ್ದು ಆ ಕಡೆ ಇಲ್ಲದ್ದನ್ನ ಹೇಳು ಅಂದೆ. ಅಷ್ಟೇ."

ಅಷ್ಟೇ. ಬೆನಕಪ್ಪನವರಿಗೆ ಅದು ಕೂಡಲೇ ಅರ್ಥವಾಯಿತು. ದಫ್ತರಖಾನೆಯಲ್ಲಿ ವರ್ಷಕ್ಕೊಮ್ಮೆ ಅವರು ಮಾಡಿಸುತ್ತಿದ್ದ ಕೆಲಸವೇ ಅದು: ಸೂಚಿ ಪುಸ್ತಕವನ್ನು ಒಬ್ಬ ಗುಮಾಸ್ತ ಓದಬೇಕು, ಕಪಾಟಿನ ಕಟ್ಟುಗಳನ್ನು ಇನ್ನೊಬ್ಬ ಮುಟ್ಟಬೇಕು. ಸೂಚಿಯಲ್ಲಿ ಹೆಸರಿಲ್ಲದೆ ಧೂಳು ತಿನ್ನುತ್ತ ಕೂತ ಕಟ್ಟುಗಳಲ್ಲೇ ಎಷ್ಟೋ ಸಲ ನಿಜ ಸಿಕ್ಕಿತ್ತು.

ಡಿಸ್ಕು ತುಂಬಿ ಯಂತ್ರ ತೆವಳುತ್ತಿದ್ದುದರಿಂದ ಬೇಡದ್ದನ್ನು ಅಳಿಸಿಬಿಡಿ ಎಂದವರು ಕಾರ್ಯದರ್ಶಿ ಮಾಲತೇಶ್. ಅಳಿಸುವ ಮೊದಲು ನನಗೆ ತೋರಿಸಿ ಎಂದವರು ಬೆನಕಪ್ಪನವರು. ನಾಗವೇಣಿಯ ಇನ್ನೊಂದು ಸುಳ್ಳು ಅಲ್ಲಿ ಸಿಕ್ಕೀತು, ನಾಳೆ ವರದಿಗೆ ಇನ್ನಷ್ಟು ತೂಕ ಬಂದೀತು ಎಂಬುದು ಅವರ ಎಣಿಕೆಯಾಗಿತ್ತು.

ಪ್ರಿಂಟರು ಕಿರಗುಟ್ಟುತ್ತ ಪಟ್ಟಿಯನ್ನು ಹೊರಹಾಕಿತು. ಅವರು ಪೆನ್ನು ಹಿಡಿದು ಒಂದೊಂದೇ ಹೆಸರನ್ನು ಓದಿದರು. ಹತ್ತೊಂಬತ್ತು ಕಡತಗಳು ಹಳೆಯ ವಿಳಾಸಗಳು, ಕಲಿಕೆಗೆಂದು ಮಾಡಿದ ನಮೂನೆಗಳು. ಉಳಿದ ಹನ್ನೆರಡು ಹೆಸರುಗಳು ಸೊರಬದ ಗುರುತಾದ ಎಸ್.ಬಿ. ಎಂಬ ಅಕ್ಷರಗಳಿಂದ ಆರಂಭವಾಗಿದ್ದವು. ಮುಂದೆ ಆಯಾ ವಾರದ ಸೋಮವಾರದ ತಾರೀಖು.

"ಈ ಕೊನೇದು ನೋಡ್ರಿ ಸಾರ್, ನವೆಂಬರ್ ಎರಡರದ್ದು," ಎಂದಳು ಅಶ್ವಿನಿ. "ಉಳಿದ ಹನ್ನೊಂದನ್ನೂ ಹೋದ ವರ್ಷದ ಮೇಲೆ ಯಾರೂ ಮುಟ್ಟಿಲ್ಲ. ಇದನ್ನ ಮಾತ್ರ ಹೋದ ವಾರ ಯಾರೋ ತಿದ್ದ್ಯಾರೆ. ವಿಚಿತ್ರ ಅಲ್ವಾ?"

ಬೆನಕಪ್ಪನವರು ಕೇಳಿಸಿಕೊಳ್ಳಲಿಲ್ಲ. ಅವರ ಪೆನ್ನು ಪಟ್ಟಿಯ ನಡುವೆ ನಿಂತುಬಿಟ್ಟಿತ್ತು. ಎಸ್.ಬಿ., ಅಕ್ಟೋಬರ್ ಐದು. ಭೂಮಿ ಹುಣ್ಣಿಮೆ.

"ಇದನ್ನು ತೆಗೆ."

ಪರದೆಯ ಮೇಲೆ ಬಿಳಿಕಲ್ಲು ಕೇರಿಯ ನಲವತ್ತೊಂದು ಹೆಸರುಗಳು ಅಕಾರಾದಿಯಾಗಿ ಇಳಿದು ಬಂದವು. ಮೊದಲನೆಯ ಹೆಸರು ಆನಂದಪ್ಪ. ಅದರ ಮುಂದೆ ಎರಡನೆಯ ಸೂಜಿಯ ತಾರೀಖು ಇತ್ತು. ಅದರ ಕೆಳಗೆ ಒಂದು ಕಲಮಿನಲ್ಲೂ ತಾರೀಖು ಇರಲಿಲ್ಲ. ಉಜ್ಜಪ್ಪನ ಮುಂದೆಯೂ ಇರಲಿಲ್ಲ. ನಲವತ್ತು ಕಲಂ ಖಾಲಿ.

ತುದಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿದ ಕನ್ನಡದ ಷರಾ: "ಭೂಮಿ ಹುಣ್ಣಿಮೆ. ಎಲ್ಲರೂ ಗದ್ದೆಯಲ್ಲಿ. ಸೊಂಟ ಮುರಿದ ಆನಂದಪ್ಪ ಮಾತ್ರ ಮನೆಯಲ್ಲಿ, ಅವರಿಗೆ ಹಾಕಿದೆ. ಉಳಿದವರಿಗೆ ಮತ್ತೆ ಹೋಗಬೇಕು. ನಾಗವೇಣಿ."

ಬೆನಕಪ್ಪನವರು ಅದನ್ನು ಎರಡು ಸಲ ಓದಿದರು. ಮೂರನೆಯ ಸಲ ಓದಲು ಕಣ್ಣು ಒಪ್ಪಲಿಲ್ಲ.

ಅವಳು ಇದನ್ನೇ ಹೇಳಿದ್ದಳು. ಸೊರಬದ ಕಚೇರಿಯ ಜಗಲಿಯಲ್ಲಿ ಬಿಳಿಕಲ್ಲು ಕೇರಿಯವರೆಲ್ಲ ನೆರೆದಿದ್ದಾಗ, ಇದೇ ಮಾತನ್ನು ಹೀಗೇ ಹೇಳಿದ್ದಳು. ಭೂಮಿ ಹುಣ್ಣಿಮೆಯ ದಿನ ಪೂಜೆಯ ಎಡೆ ತುಂಬಿದ ಭೂಮಣ್ಣಿ ಬುಟ್ಟಿ ಹೊತ್ತು ಮನೆಮಂದಿಯೆಲ್ಲ ಗದ್ದೆಗೆ ಹೋಗಿರುವಾಗ ಇವಳು ಯಾರ ತೋಳಿಗೆ ಸೂಜಿ ಚುಚ್ಚಿದಳು ಎಂಬ ಪ್ರಶ್ನೆಯನ್ನು ಬೆನಕಪ್ಪನವರು ಹೆಮ್ಮೆಯಿಂದ ಎತ್ತಿದ್ದರು. ಯಾರೂ ಗಮನಿಸದ ಸುಳುಹು ಅದು ಎಂದು ಸಮಿತಿಯವರು ತಲೆದೂಗಿದ್ದರು.

"ಹಬ್ಬದ ದಿನ ಮನೆಯಲ್ಲಿ ಕೂತು ಕಡುಬು ತಿನ್ನುತ್ತ ನಲವತ್ತೊಂದು ಜನಕ್ಕೆ ಸೂಜಿ ಹಾಕಿದ್ದೀಯೆ," ಎಂದಿದ್ದರು ಅವರು. "ನಿನ್ನ ಕೈಗೆ ಚಿನ್ನದ ಬಳೆ ತೊಡಿಸಬೇಕು!"

ಜನ ನಕ್ಕಿದ್ದರು. ಉಜ್ಜಪ್ಪನ ಹೆಂಡತಿ ಬಂಗಾರಮ್ಮ ಮುನ್ನುಗ್ಗಿ ನಾಗವೇಣಿಯ ಹೆಗಲಿನ ಔಷಧದ ಚೀಲವನ್ನು ಕಿತ್ತು ಬೀದಿಗೆ ಎಸೆದಿದ್ದಳು. ತಡೆಯಬಹುದಾಗಿದ್ದ ಬೆನಕಪ್ಪನವರು ಕಾಲ ಮೇಲೆ ಕಾಲು ಹಾಕಿ ಕೂತೇ ಇದ್ದರು.

ಆನಂದಪ್ಪನನ್ನು ಅವರು ಕೇಳಿರಲಿಲ್ಲ. ಜಗಲಿಗೆ ನಡೆದು ಬರಬಲ್ಲವರನ್ನು ಮಾತ್ರ ಕೇಳಿದ್ದರು. ಸೊಂಟ ಮುರಿದವನು ಜಗಲಿಗೆ ಬರುವುದೆಲ್ಲಿಂದ?

"ಹಾಗಾದರೆ ಖಾಲಿ ಇದ್ದ ನಲವತ್ತು ಕಲಮಿಗೆ ತಾರೀಖು ಹೇಗೆ ಬಂತು?" ಎಂದರು. ತಮ್ಮ ದನಿ ತಮಗೇ ಬೇರೆಯವರದಂತೆ ಕೇಳಿಸಿತು.

ಅಶ್ವಿನಿ ಮೂಲೆಯ ಮೇಜಿನತ್ತ ನೋಡಿದಳು. ಅಲ್ಲಿ ಕೂತಿದ್ದವನು ಸಂಗಮೇಶ್. ಆರು ವರ್ಷದಿಂದ ಈ ಕಚೇರಿಯ ಆಪರೇಟರು. ಸೊರಬದಿಂದ ಪ್ರತಿ ಶನಿವಾರ ಟಿಫಿನ್ ಡಬ್ಬಿಯಲ್ಲಿಟ್ಟ ಫ್ಲಾಪಿ ಬಸ್ಸಿನಲ್ಲಿ ಬರುತ್ತಿತ್ತು. ಅದನ್ನು ಯಂತ್ರಕ್ಕೆ ಇಳಿಸಿ, ದೊಡ್ಡ ಪಟ್ಟಿಗೆ ಸೇರಿಸಿ, ಫ್ಲಾಪಿಯನ್ನು ಒರೆಸಿ ಅದೇ ಡಬ್ಬಿಯಲ್ಲಿ ವಾಪಸು ಕಳಿಸುವುದು ಅವನ ಕೆಲಸ. ಮೇಲಿನವರ ಮಾತನ್ನು ಒಂದಕ್ಷರ ತಪ್ಪದೆ ನಡೆಸುವವನೆಂದು ಅವನನ್ನು ಹೊಗಳಿದವರಲ್ಲಿ ಬೆನಕಪ್ಪನವರೇ ಮೊದಲಿಗರು.

"ಸಂಗಮೇಶ್, ಇಲ್ಲಿ ಬನ್ನಿ."

ಅವನು ಎದ್ದು ಬಂದ. ಪರದೆಯನ್ನು ನೋಡಿದ. ಅವನ ಮುಖ ಕಪ್ಪಿಟ್ಟಿತು.

"ಈ ಖಾಲಿ ಕಲಂಗಳನ್ನು ತುಂಬಿದವರು ಯಾರು?"

"ಸಾರ್, ಅದು…"

"ನಾಗವೇಣಿ ತುಂಬಿಲ್ಲ. ಅವಳು ಕಳಿಸಿದ್ದು ಹೀಗಿದೆ. ಇಲ್ಲಿಗೆ ಬಂದ ಮೇಲೆ ತುಂಬಿದೆ. ಈ ಮೇಜಿನ ಮೇಲೆ. ಹೌದೋ ಅಲ್ಲವೋ?"

"ಹೌದು ಸಾರ್."

"ಯಾರಿಗೋಸ್ಕರ? ಏನು ಕೊಟ್ಟರು ನಿಮಗೆ?"

ಸಂಗಮೇಶ್ ತಲೆ ಎತ್ತಿದ. ಅವನ ಕಣ್ಣಿನಲ್ಲಿ ನೀರಾಡಿತು. "ಯಾರೂ ಏನೂ ಕೊಟ್ಟಿಲ್ರಿ. ಅಂಥ ಮಾತು ಆಡಬ್ಯಾಡ್ರಿ ಸಾರ್. ಹೇಳಿದ್ದನ್ನ ಮಾಡ್ದೆ."

"ಹೇಳಿದವರು ಯಾರು?"

ಸಂಗಮೇಶ್ ತಿರುಗಿ ತನ್ನ ಮೇಜಿನತ್ತ ನೋಡಿದ.

"ಸಂಗಮೇಶ್! ಒಂದು ಹೆಣ್ಣುಮಗಳ ಮಾನ ಬೀದಿಪಾಲಾಗಿದೆ. ಹೇಳಿದವರು ಎಷ್ಟೇ ದೊಡ್ಡವರಿರಲಿ, ಹೆಸರು ಹೇಳಿ. ನಾನಿದ್ದೇನೆ."

ಸಂಗಮೇಶ್ ಮೂಲೆಗೆ ಹೋಗಿ ತನ್ನ ಮೇಜಿನ ಖಾನೆಯನ್ನು ಎಳೆದ. ಸುತ್ತೋಲೆಗಳ ಕಟ್ಟನ್ನು ಬಿಚ್ಚಿ, ಒಂದು ಹಾಳೆಯನ್ನು ತೆಗೆದು, ಎರಡೂ ಕೈಯಲ್ಲಿ ಹಿಡಿದು ಬೆನಕಪ್ಪನವರ ಮುಂದಿಟ್ಟ.

ಅಕ್ಷರ ದುಂಡಗಿತ್ತು, ಸಾಲು ನೆಟ್ಟಗಿತ್ತು. ಬೆನಕಪ್ಪನವರು ಅದನ್ನು ಗುರುತಿಸಲು ಓದಬೇಕಾಗಿರಲಿಲ್ಲ.

"ದಾಖಲೆಯಲ್ಲಿ ಯಾವುದೇ ಕಲಮನ್ನು ಖಾಲಿ ಬಿಡತಕ್ಕದ್ದಲ್ಲ. ಖಾಲಿ ಕಲಂ ಬರೆದವನ ಸೋಮಾರಿತನಕ್ಕೆ ಸಾಕ್ಷಿ. ಬೇರೆ ಬರೆಯುವುದು ಇಲ್ಲದಿದ್ದಲ್ಲಿ ಮೇಲಿನಂತೆ ಎಂಬುದಕ್ಕೆ ಜೋಡಿಗೀಟು ಹಾಕತಕ್ಕದ್ದು. ತಪ್ಪಿದಲ್ಲಿ ಸಂಬಂಧಪಟ್ಟವರೇ ಹೊಣೆ." ಕೆಳಗೆ ಅವರದೇ ಸಹಿ. ಸೆಪ್ಟೆಂಬರ್ ಇಪ್ಪತ್ತೆಂಟು.

"ನಾನು ಬರೆದದ್ದು ಜೋಡಿಗೀಟು ಎಂದು," ಎಂದರು ಬೆನಕಪ್ಪನವರು. "ತಾರೀಖು ತುಂಬಿ ಎಂದು ಬರೆದಿಲ್ಲ."

"ತಾರೀಖಿನ ಕಲಮು ಗೀಟು ತಗಳಲ್ಲ ಸಾರ್. ತಾರೀಖು ಬಿಟ್ರೆ ಬೇರೇನೂ ಬರೆಯಾಕೆ ಬಿಡಲ್ಲ ಮಿಷನ್ನು. ಅದಕ್ಕೆ ನಿಮ್ಮ ಮನಿಗೆ ಫೋನ್ ಮಾಡಿದ್ದೆ. ನೆನಪೈತಾ?"

ನೆನಪಿತ್ತು. ಊಟಕ್ಕೆ ಕೂತಿದ್ದರು, ಎಲೆಯ ಮೇಲೆ ಸಾರು ಬಿದ್ದಿತ್ತು. ಎಂಜಲು ಕೈಯನ್ನು ಮೇಲೆತ್ತಿಕೊಂಡೇ ಎಡಗೈಯಲ್ಲಿ ಫೋನು ಹಿಡಿದಿದ್ದರು.

"ನಾನೇನು ಹೇಳಿದೆ?"

"ಬ್ಯಾಡ ಸಾರ್."

"ಹೇಳಿ."

ಸಂಗಮೇಶ್ ನೆಲ ನೋಡುತ್ತ, ಬೆನಕಪ್ಪನವರದೇ ಗತ್ತಿನಲ್ಲಿ, ಒಂದಕ್ಷರ ತಪ್ಪದೆ ಒಪ್ಪಿಸಿದ: "'ಗೀಟು ತೆಗೆದುಕೊಳ್ಳದಿದ್ದರೆ ಮೇಲಿನದನ್ನೇ ಇಳಿಸಿ. ಇದಕ್ಕೂ ನನ್ನನ್ನು ಕೇಳಬೇಕೇನ್ರಿ?' ಅಂದ್ರಿ. ಫೋನ್ ಇಟ್ರಿ. ನಾನು ಆನಂದಪ್ಪನ ತಾರೀಖನ್ನ ಕೆಳಗೆ ಇಳಿಸ್ದೆ."

ಅಶ್ವಿನಿ ಕೀಲಿಮಣೆಯ ಮೇಲಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ನಾನು ವರದಿ ಬರೆಯುವಾಗ ಇದನ್ನು ಏಕೆ ಹೇಳಲಿಲ್ಲ?"

"ಎಲ್ಲಿ ಹೇಳ್ಲಿ ಸಾರ್? ನೀವು ನನ್ನನ್ನ ಕರೆದು ಕೇಳಿದ್ದು ಒಂದೇ ಪ್ರಶ್ನೆ, ಪ್ರಿಂಟು ಎಷ್ಟು ಪ್ರತಿ ತೆಗೆದ್ರಿ ಅಂತ. ಮೂರು ಅಂದೆ. ಹೋಗಿ ಅಂದ್ರಿ." ಅವನು ಮೂಗು ಒರೆಸಿಕೊಂಡ. "ಶಿರಸ್ತೇದಾರ್ರು ತಪ್ಪು ಅಂತ ಹೇಳೋ ಧೈರ್ಯ ಈ ಆಫೀಸಿನಾಗೆ ಯಾರಿಗೈತಿ?"

ಅವರು ಅಶ್ವಿನಿಯ ಕಡೆ ತಿರುಗಿದರು. ಕೇಳಬಾರದೆಂದು ಮನಸ್ಸು ಹೇಳುತ್ತಿದ್ದ ಪ್ರಶ್ನೆಯೊಂದು ಉಳಿದಿತ್ತು.

"ಕಲಂ ಖಾಲಿಯೇ ಇದ್ದಿದ್ದರೆ ಏನಾಗುತ್ತಿತ್ತು ತಾಯಿ?"

"ತಿಂಗಳ ಕೊನೆಗೆ ಮರುಭೇಟಿ ಪಟ್ಟಿ ಬರ್ತದಲ್ಲ ಸಾರ್, ಅದನ್ನ ಮಾಡೋದೇ ಖಾಲಿ ಕಲಮು ನೋಡಿ," ಎಂದಳು ಅವಳು ಮೆಲ್ಲಗೆ. "ಖಾಲಿ ಇದ್ದೋರ ಮನೆಗೆ ಮತ್ತೆ ಹೋಗ್ತಾರೆ."

ಉಜ್ಜಪ್ಪನ ಮನೆಗೆ ಯಾರೂ ಮತ್ತೆ ಹೋಗಲಿಲ್ಲ. ಹೋಗಬೇಕಾಗಿಲ್ಲವೆಂದು ಯಂತ್ರ ಹೇಳಿತ್ತು. ಜನವರಿಯಲ್ಲಿ ಅವನು ಎಂದಿನಂತೆ ಒಣಗಿದ ದರಗೆಲೆ ಗುಡಿಸಿ ತರಲು, ಕಾಯಿಲೆಯ ಉಣ್ಣೆಗಳಿರುವ ಕಾಡಿಗೆ ಹೋದ. ಸೂಜಿ ಬಿದ್ದಿದ್ದರೆ ಅವನು ಉಳಿಯುತ್ತಿದ್ದನೆಂದು ಯಾರೂ ಆಣೆಯಿಟ್ಟು ಹೇಳಲಾರರು. ಉಳಿಯುತ್ತಿರಲಿಲ್ಲವೆಂದೂ ಹೇಳಲಾರರು.

ಇಪ್ಪತ್ತೆರಡು ದಿನದ ಹಿಂದೆ ತಾವು ವರದಿಯಲ್ಲಿ ಹೆಸರಿಸಬೇಕಾಗಿದ್ದ ಅಪರಾಧಿಯ ಅಕ್ಷರ ದುಂಡಗಿತ್ತು, ಸಾಲು ನೆಟ್ಟಗಿತ್ತು.

"ಏನ್ ಸಾರ್, ಎಷ್ಟು ಜಾಗ ಸಿಕ್ತು?" ಬಾಗಿಲಲ್ಲಿ ಮಾಲತೇಶ್ ನಿಂತಿದ್ದರು. ತೊಳೆದಿಟ್ಟಂಥ ಬಿಳಿ ಅಂಗಿ, ಸದಾ ನಗುವ ಮುಖ. ಅವರ ಹಿಂದೆ, ತೆರೆದಿದ್ದ ಕೋಣೆಯಲ್ಲಿ, ಅವರಿಗೆಂದು ಕೊಂಡ ಕಂಪ್ಯೂಟರು ಕಸೂತಿಯ ಬಟ್ಟೆ ಹೊದ್ದು, ತಲೆಯ ಮೇಲೆ ಹೂದಾನಿ ಹೊತ್ತು ಕೂತಿತ್ತು. ಅದರ ಗುಂಡಿ ಎಲ್ಲಿದೆಯೆಂಬುದೂ ತಮಗೆ ತಿಳಿಯದೆಂದು ಅವರು ಬಂದವರಿಗೆಲ್ಲ ನಗುತ್ತ ಹೇಳುತ್ತಿದ್ದರು.

"ಸಿಗುತ್ತದೆ," ಎಂದರು ಬೆನಕಪ್ಪನವರು.

"ಬೇರೇನಾದ್ರೂ ಸಿಕ್ತಾ?"

"ಸಿಕ್ಕಿತು. ನಾಳೆ ಸಮಿತಿಯ ಮುಂದೆ ಹೇಳುತ್ತೇನೆ."

ಮಾಲತೇಶ್ ಅವರ ನಗು ಹಾಗೆಯೇ ಇತ್ತು. "ಸರಿ ಸಾರ್. ಆದ್ರೆ ಇವತ್ತು ಮೂರು ಗಂಟೆ ಒಳಗೆ ಡಿಸ್ಕು ಖಾಲಿ ಮಾಡಿಸಿಬಿಡ್ರಿ. ನಾಳೆಯ ಪ್ರತಿಗಳೆಲ್ಲ ಪ್ರಿಂಟ್ ಆಗಬೇಕಲ್ರೀ."

ಆ ಕೋಣೆಯಲ್ಲಿ ಇನ್ನೊಂದು ನಿಮಿಷ ನಿಲ್ಲುವುದು ಬೆನಕಪ್ಪನವರಿಗೆ ಅಸಾಧ್ಯವಾಗಿತ್ತು. ಮೂವರ ಕಣ್ಣೂ ತಮ್ಮ ಮುಖದ ಮೇಲಿವೆ ಎನಿಸಿತು.

"ಅಕ್ಟೋಬರ್ ಐದರದ್ದನ್ನು ನನಗೊಂದು ಫ್ಲಾಪಿಗೆ ಹಾಕಿ ಕೊಡು ತಾಯಿ. ನನಗೆ ಬೇಕಾದದ್ದು ಅದೊಂದೇ. ಸಂಗಮೇಶ್, ಮೂರು ಗಂಟೆಗೆ ಉಳಿದ ಮೂವತ್ತನ್ನೂ ಅಳಿಸಿಬಿಡಿ."

"ಸಾರ್, ಆ ಕೊನೇದು ಒಂದು ಸಲ…" ಎಂದಳು ಅಶ್ವಿನಿ.

"ಸಾಕು ತಾಯಿ. ಇವತ್ತಿಗೆ ಸಾಕು."

---

ಸೊರಬದ ಬಸ್ಸು ಶಿರಾಳಕೊಪ್ಪದಲ್ಲಿ ಅರ್ಧ ಗಂಟೆ ನಿಂತಿತು. ಸಂತೆಯ ದಿನ, ಮೆಣಸಿನಕಾಯಿ ಚೀಲಗಳೂ ಕೋಳಿ ಬುಟ್ಟಿಗಳೂ ಮನುಷ್ಯರಿಗಿಂತ ಮೊದಲು ಹತ್ತಿದವು. ಬೆನಕಪ್ಪನವರು ಅಂಗಿಯ ಎದೆ ಜೇಬಿನಲ್ಲಿದ್ದ ಫ್ಲಾಪಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡರು.

ಅವಳಿಗೆ ಏನು ಹೇಳುವುದು? "ವರದಿಯಲ್ಲಿ ಒಂದು ಲೋಪವಾಗಿದೆ" ಎನ್ನಬಹುದು. "ತಾಂತ್ರಿಕ ಕಾರಣದಿಂದ" ಎನ್ನಬಹುದು. ಇಂಥ ಮಾತುಗಳನ್ನು ಅವರು ಮೂವತ್ತನಾಲ್ಕು ವರ್ಷ ಬೇರೆಯವರ ಅರ್ಜಿಗಳಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕಿದ್ದರು.

"ಓಹೋ, ಶಿರಸ್ತೇದಾರ್ರು!" ಪಕ್ಕದಲ್ಲಿ ದೊಪ್ಪನೆ ಕೂತವರು ಶಿರಾಳಕೊಪ್ಪದ ಬಟ್ಟೆ ವ್ಯಾಪಾರಿ ಸುಬ್ಬಪ್ಪ. "ಸೊರಬದಾಗೆ ಆ ಸುಳ್ಳುಬುರುಕೀನ ಹಿಡದ್ರಂತಲ್ರೀ! ಸಂತಿ ತುಂಬ ಅದೇ ಮಾತು. ಭೂಮಿ ಹುಣ್ಣಿವಿ ದಿನ ಮನ್ಯಾಗೆ ಯಾರಿರ್ತಾರೆ ಅಂತ ಕೇಳಿದ್ರಂತೆ. ಎಂಥ ಪ್ರಶ್ನೆ ರೀ ಅದು! ನಮಗ್ಯಾರಿಗೂ ಹೊಳೀಲಿಲ್ಲ ನೋಡ್ರಿ."

ಬೆನಕಪ್ಪನವರು ಕಿಟಕಿಯ ಹೊರಗೆ ನೋಡಿದರು.

"ಸಂಕೋಚ ಬ್ಯಾಡ್ರಿ, ಹೊಗಳಿಸ್ಕಳ್ರಿ," ಎಂದು ಸುಬ್ಬಪ್ಪ ಅವರ ಮೊಣಕಾಲು ತಟ್ಟಿದರು. "ಕಂಡಕ್ಟ್ರೇ, ಸಾಹೇಬ್ರ ಟಿಕೀಟು ನಂದು!"

"ಬೇಡ ಸುಬ್ಬಪ್ಪನವರೇ. ದಯವಿಟ್ಟು ಬೇಡ."

ಸುಬ್ಬಪ್ಪ ಆಗಲೇ ಟಿಕೀಟು ಹರಿಸಿ ಅವರ ಅಂಗೈಗೆ ತುರುಕಿದ್ದರು. ಸತ್ಯ ಹೇಳಲು ಸೊರಬದವರೆಗೆ ಒಂದು ತಾಸು ಸಮಯವಿತ್ತು. ಬೆನಕಪ್ಪನವರು ಹೇಳಲಿಲ್ಲ.

---

ನಾಗವೇಣಿಯ ಮನೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ಅವಳು ಹೊರಜಗಲಿಯಲ್ಲಿ ಕೂತು ಅವರೆ ಬಿಡಿಸುತ್ತಿದ್ದಳು. ಪಕ್ಕದ ಗೂಟಕ್ಕೆ ಅದೇ ಔಷಧದ ಚೀಲ ನೇತುಬಿದ್ದಿತ್ತು. ಹರಿದ ಪಟ್ಟಿಗೆ ಹೊಲಿಗೆ ಹಾಕಿತ್ತು.

ಅವರನ್ನು ಕಂಡು ಅವಳು ಏಳಲಿಲ್ಲ.

"ಯಾರೇ ಅದು?" ಒಳಗಿನಿಂದ ತಾಯಿ ವೀರಮ್ಮನ ದನಿ.

"ಶಿಕಾರಿಪುರದ ಸಾರ್ ಬಂದಾರೆ ಅಬ್ಬೆ."

"ಇನ್ನೂ ಎಂತ ಉಳದದೆ ಅಂತೆ? ಮನೆ ಹಂಚು ಎಣಿಸಕ್ಕೆ ಬಂದ್ರಾ?"

ಬೆನಕಪ್ಪನವರು ಮೆಟ್ಟಿಲ ಕೆಳಗೇ ನಿಂತರು. ಬಸ್ಸಿನಲ್ಲಿ ಕಟ್ಟಿಕೊಂಡ ವಾಕ್ಯಗಳೆಲ್ಲ ಬಿಟ್ಟು ಹೋಗಿದ್ದವು.

"ನಾಗವೇಣಿಯವರೇ, ನೀವು ಹೇಳಿದ್ದು ನಿಜ. ಕಲಂ ಖಾಲಿಯೇ ಇತ್ತು. ತುಂಬಿಸಿದವನು ನಾನು."

ಅವಳ ಬೆರಳು ಅವರೆಕಾಯಿಯ ಮೇಲೆ ನಿಂತಿತು.

"ಅವತ್ತು ನೀನು ಅಂದಿದ್ರಿ," ಎಂದಳು ನಿಧಾನವಾಗಿ. "ಇವತ್ತು ನೀವು ಅಂತೀರಿ. ಎಂತ ಆತು ಸಾರ್?"

ಅವರು ಎಲ್ಲವನ್ನೂ ಹೇಳಿದರು. ಸ್ಕ್ರಿಪ್ಟು, ಯಾರೂ ತೆರೆಯದ ಕಡತ, ಅವಳ ಷರಾ, ಸುತ್ತೋಲೆ, ಊಟದ ಹೊತ್ತಿನ ಫೋನು. ಮರುಭೇಟಿ ಪಟ್ಟಿಯ ವಿಷಯವನ್ನೂ ಬಿಡಲಿಲ್ಲ. ಒಳಗಿನಿಂದ ಬಂದ ವೀರಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿದಳು. ಮುಗಿದಾಗ ಯಾರೂ ಕೂತುಕೊಳ್ಳಿ ಎನ್ನಲಿಲ್ಲ. ಅವರೂ ಅದನ್ನು ನಿರೀಕ್ಷಿಸಿರಲಿಲ್ಲ.

"ಓಣಿ ಅಂಗಡೀಲಿ ಉಪ್ಪು ಕೇಳಿದ್ರೆ ಕೊಡಲ್ಲ ನಂಗೆ," ಎಂದಳು ನಾಗವೇಣಿ. "ಬಂಗಾರಮ್ಮ ದಾರೀಲಿ ಸಿಕ್ರೆ ಆ ಕಡೆ ಮುಖ ಮಾಡ್ತಾಳೆ. ಅವಳ ಮೇಲೆ ಸಿಟ್ಟಿಲ್ಲ ನಂಗೆ, ಗಂಡ ಸತ್ತವಳು. ಆನಂದಜ್ಜನ್ನ ಕೇಳಿ, ಅವನು ಮನೇಲಿದ್ದ ಅಂತ ಎಷ್ಟು ಸಲ ಹೇಳ್ದೆ ಸಾರ್?"

"ಮೂರು ಸಲ."

"ಎಣಿಸಿದ್ರಾ? ಎಣಿಸಕ್ಕೆ ಮಾತ್ರ ಬರ್ತದೆ ನಿಮಗೆ."

"ನಾಳೆ ಸಮಿತಿಯ ಮುಂದೆ, ಅದೇ ಜಗಲಿಯಲ್ಲಿ, ಅದೇ ಜನರೆದುರು ಹೇಳುತ್ತೇನೆ. ಬಂಗಾರಮ್ಮನ ಮುಂದೆಯೂ ಹೇಳುತ್ತೇನೆ." ಅವರು ಜೇಬಿನಿಂದ ಫ್ಲಾಪಿ ತೆಗೆದು ಮೆಟ್ಟಿಲ ಮೇಲಿಟ್ಟರು. "ಇದು ನಿಮ್ಮ ಸಾಕ್ಷಿ."

ನಾಗವೇಣಿ ಅದನ್ನು ಮುಟ್ಟಲಿಲ್ಲ. ಅವಳ ಹುಬ್ಬು ಗಂಟಿಕ್ಕಿತ್ತು. ಬೇರೇನನ್ನೋ ಲೆಕ್ಕ ಹಾಕುತ್ತಿದ್ದಳು.

"ಎಸ್.ಬಿ. ಅಂತ ಎಷ್ಟಿತ್ತು ಸಾರ್, ಆ ಪಟ್ಟೀಲಿ?"

"ಹನ್ನೆರಡು."

"ನಾನು ಒಂದೊಂದು ವಾರ ಒಂದೊಂದು ಕೇರಿಗೆ ಹೋಗ್ತಿದ್ದೆ. ಎಲ್ಲ ಕೇರೀಲೂ ಖಾಲಿ ಬಿಟ್ಟಿದ್ದೆ. ಒಬ್ರು ಆಸ್ಪತ್ರೆಗೆ ಹೋಗಿರ್ತಾರೆ, ಒಬ್ರು ಒಲ್ಲೆ ಅಂತಾರೆ. ಕ್ಯಾಸನೂರು ಕಡೆ ಒಂದು ಕೇರೀಲಿ ಅರ್ಧಕ್ಕರ್ಧ ಜನ ಬಾಗಿಲೇ ತೆಗೀಲಿಲ್ಲ." ಅವಳು ಮೊರವನ್ನು ಪಕ್ಕ ಸರಿಸಿ ಎದ್ದು ನಿಂತಳು. "ನಿಮ್ಮ ಸಂಗಮೇಶ ಅವನ್ನೂ ತುಂಬಿರ್ಬೇಕಲ್ಲ? ಯಾರಿಗೆ ಬಿದ್ದದೆ, ಯಾರಿಗೆ ಬಿದ್ದಿಲ್ಲ ಅಂತ ದೊಡ್ಡ ಪಟ್ಟಿ ನೋಡಿದ್ರೆ ಈಗ ಗೊತ್ತಾಗಲ್ಲ. ನನ್ನ ಬರೆಯೋ ಪುಸ್ತಕ ಎಲ್ಲ ಆಫೀಸಿಗೆ ಕೊಟ್ಟು ವರ್ಷಾತು, ಅದು ಸಿಗಲ್ಲ ಅಂತ ನೀವೇ ವರದೀಲಿ ಬರದೀರಿ. ಸೊರಬದ ಮಿಷನ್ನಲ್ಲಿ ಎಂತದೂ ಉಳಿಯಲ್ಲ. ಫ್ಲಾಪಿ ಒಂದೇ, ಅದನ್ನ ವಾರ ವಾರ ಒರಸ್ತಿದ್ರು. ಉಳದಿರದು ಆ ಹನ್ನೆರಡೇ ಸಾರ್. ಡಿಸೆಂಬರಿಗೆ ಮತ್ತೆ ಕಾಯ್ಲೆ ಏಳ್ತದೆ. ಅವನ್ನೆಲ್ಲ ಇಟ್ಟೀರಲ್ಲ?"

ಬೆನಕಪ್ಪನವರು ಮೆಟ್ಟಿಲ ಮೇಲಿದ್ದ ಒಂದೇ ಫ್ಲಾಪಿಯನ್ನು ನೋಡಿದರು.

ಹನ್ನೆರಡರಲ್ಲಿ ಅವರು ತೆರೆದು ನೋಡಿದ್ದು ಒಂದನ್ನು. ತಮ್ಮ ತಪ್ಪು ಇದ್ದದ್ದನ್ನು, ತಮ್ಮ ನಾಚಿಕೆಗೆ ಸಂಬಂಧಪಟ್ಟದ್ದನ್ನು. ಉಳಿದ ಕೇರಿಗಳು ಅವರ ನೆನಪಿಗೇ ಬಂದಿರಲಿಲ್ಲ.

"ಈಗ ಗಂಟೆ ಎಷ್ಟು?" ಎಂದರು.

"ಮೂರೂ ಹತ್ತು," ಎಂದಳು ವೀರಮ್ಮ.

---

ಓಣಿಯ ತುದಿಯಲ್ಲಿ ಎಸ್.ಟಿ.ಡಿ. ಬೂತು. ಬೆನಕಪ್ಪನವರ ಅರವತ್ತೇಳು ವರ್ಷದ ಕಾಲುಗಳು ಓಡಿದವು, ಹಿಂದೆಯೇ ಫ್ಲಾಪಿ ಎತ್ತಿಕೊಂಡು ನಾಗವೇಣಿ. ಮೊದಲ ಸಲ ಲೈನು ಸಿಗಲಿಲ್ಲ. ಎರಡನೆಯ ಸಲ ಎಂಟು ಬಾರಿ ಗಂಟೆ ಬಾರಿಸಿದ ಮೇಲೆ ಯಾರೋ ಎತ್ತಿದರು.

"ಸಂಗಮೇಶ್! ಅಳಿಸಬೇಡಿ. ಆ ಮೂವತ್ತನ್ನು ಅಳಿಸಬೇಡಿ!"

ಆ ಕಡೆ ಕುರ್ಚಿ ಸರಿದ ಸದ್ದು.

"ನೀವು ಹೇಳಿದಂಗೇ ಮಾಡ್ದೆ ಸಾರ್," ಎಂದ ಸಂಗಮೇಶ್. "ಮೂರು ಗಂಟೆಗೆ ಸರಿಯಾಗಿ."

ಬೆನಕಪ್ಪನವರು ಬೂತಿನ ಗೋಡೆಗೆ ಕೈ ಊರಿದರು. ಅದೇ ವಿಧೇಯತೆ, ಅದೇ ದನಿ. ಯಾವ ಮುಖ ಹೊತ್ತು ಬೈಯುವುದು?

"ಎಲ್ಲವೂ ಹೋಯಿತೆ?"

"ಇಪ್ಪತ್ತೊಂಬತ್ತು ಹೋದ್ವು ಸಾರ್. ಒಂದು ಹೋಗವಲ್ದು. ಯಾರೋ ತೆಗೆದಾರೆ, ಬಳಕೆಯಾಗೆ ಐತಿ ಅಂತೈತಿ ಮಿಷನ್ನು." ಸಂಗಮೇಶ್ ದನಿ ತಗ್ಗಿಸಿದ. "ಬೆಳಿಗ್ಗೆ ಯಾರೂ ಬಳಸಲ್ಲ ಅಂತ ಬಂತಲ್ಲ ಸಾರ್, ಆ ಫೈಲು. ನವೆಂಬರ್ ಎರಡರದ್ದು."

"ಯಾರು ತೆಗೆದಿದ್ದಾರೆ? ಯಾವ ಯಂತ್ರದಿಂದ?"

"ಅದನ್ನೂ ತೋರಿಸ್ತೈತಿ. ಕಾರ್ಯದರ್ಶಿಗಳ ಕೋಣೆಯದು." ಅವನ ದನಿ ಫೋನಿಗೆ ಇನ್ನಷ್ಟು ಹತ್ತಿರ ಬಂತು. "ಒಳಗಿಂದ ಚಿಲಕ ಹಾಕ್ಕೊಂಡಾರೆ ಸಾರ್. ಹೂದಾನಿ ಹೊರಗೆ ನೆಲದ ಮ್ಯಾಲೆ ಐತಿ."

"ಸಂಗಮೇಶ್, ಅದನ್ನು ಅಳಿಸಬೇಡಿ. ಏನನ್ನೂ ಮುಟ್ಟಬೇಡಿ. ಈ ಸಲ ನಾನು ಹೇಳಿದ್ದು ಅರ್ಥವಾಗದಿದ್ದರೆ ಕೇಳಿ. ಎಷ್ಟು ಸಲ ಬೇಕಾದರೂ ಕೇಳಿ."

"ಅರ್ಥ ಆತು ಸಾರ್," ಎಂದ ಸಂಗಮೇಶ್. ಲೈನು ಕಡಿದುಹೋಯಿತು.

ಬೂತಿನ ಬಾಗಿಲಲ್ಲಿ ನಾಗವೇಣಿ ನಿಂತಿದ್ದಳು. "ಎಂತ ಅಂತೆ ಸಾರ್?"

ತಿಳಿಯದ್ದನ್ನು ತಿಳಿಯದೆಂದು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಹತ್ತು ಕೇರಿಯ ದಾಖಲೆ ನನ್ನ ಮಾತಿನಿಂದ ಹೋಯಿತು ತಾಯಿ. ಒಂದು ಉಳಿದಿದೆ. ಅದರಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಬೆಳಗ್ಗೆ ನೋಡಬಹುದಾಗಿತ್ತು, ನೋಡಲಿಲ್ಲ. ನೀವೇ ಹೇಳಬೇಕು. ನವೆಂಬರ್ ಎರಡರ ವಾರ ನೀವು ಯಾವ ಕೇರಿಗೆ ಹೋಗಿದ್ದಿರಿ?"

ನಾಗವೇಣಿ ಬೆರಳು ಮಡಚಿದಳು. ಇನ್ನೊಂದು ಮಡಚಿದಳು. ಅವಳ ಮುಖದಲ್ಲಿ ಈವರೆಗೆ ಇದ್ದ ಸಿಟ್ಟು ಇಳಿದು, ಅದರ ಜಾಗದಲ್ಲಿ ಹೆದರಿಕೆ ಬಂದು ಕೂತಿತು.

"ಎಲ್ಲಿಗೂ ಹೋಗಿಲ್ಲ ಸಾರ್. ಆ ವಾರ ಜ್ವರ ಬಂದು ಮಲಗಿದ್ದೆ, ಅಬ್ಬೇನ ಕೇಳಿ. ಕಾರ್ಯದರ್ಶಿಗಳೇ ಮನೆಗೆ ಬಂದು ನೋಡ್ಕಂಡು ಹೋಗಿದ್ರು." ಅವಳು ಫ್ಲಾಪಿಯನ್ನು ಈಗ ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದಳು. "ಆ ಶನಿವಾರ ಡಬ್ಬಿ ಬಸ್ಸಿಗೆ ಹೋಗೇ ಇಲ್ಲ. ನನ್ನ ಹೆಸರಲ್ಲಿ ಆ ಫೈಲು ಎಲ್ಲಿಂದ ಬಂತು?"